ಅಜ್ಜನ ಖಾತೆ

"ಸರ, ನನ್ನ ಜಾಗ ಪೂರ್ತಿ ತುಂಬೇತಿ ಅಂತ ಬರಾಕತ್ತೈತ್ರಿ. ಆದ್ರ ನಾ ಇಟ್ಟಿದ್ದು ಮೂರ ಪ್ರೋಗ್ರಾಮು."

2023ರ ಅಕ್ಟೋಬರಿನ ಒಂದು ಮಧ್ಯಾಹ್ನ. ಊಟದ ಬಿಡುವು ಮುಗಿದಿತ್ತು, ಎರಡನೇ ಬ್ಯಾಚಿನ ಹುಡುಗರು ಇನ್ನೂ ಬಂದಿರಲಿಲ್ಲ. ಮೊದಲ ವರ್ಷದ ಹುಡುಗಿಯೊಬ್ಬಳು ಬಾಗಿಲಲ್ಲಿ ಚಪ್ಪಲಿ ಬಿಟ್ಟು ಬಂದು ನನ್ನ ಮೇಜಿನ ಮುಂದೆ ನಿಂತಿದ್ದಳು. ಇಂಥ ದೂರು ನನಗೆ ಹೊಸದಲ್ಲ. ಕಾಲೇಜಿನ ಸರ್ವರಿನಲ್ಲಿ ಒಬ್ಬೊಬ್ಬ ವಿದ್ಯಾರ್ಥಿಗೆ 1 ಜಿಬಿ ಜಾಗ. ಹಾಸ್ಟೆಲಿನ ಹುಡುಗರು ಅದರಲ್ಲಿ ಸಿನಿಮಾ ತುಂಬಿಸಿಕೊಂಡು, ಆಮೇಲೆ ಏನೂ ಅರಿಯದವರ ಹಾಗೆ ಬಂದು ಹೀಗೇ ನಿಲ್ಲುತ್ತಾರೆ.

"ಸಿನಿಮಾ ಏನಾದ್ರೂ ಹಾಕ್ಕೊಂಡಿದ್ದೀಯೇನಮ್ಮ?" ಎಂದೆ.

"ಇಲ್ರಿ ಸರ. ನನ್ನ ಹೆಸರಿನ್ಯಾಗ ಇನ್ನೊಂದು ಫೋಲ್ಡರ್ ಐತ್ರಿ. ಅದ್ರಾಗ ಏನೇನೋ ಫೋಟೊ, ಆಡಿಯೋ ಅದಾವು. ಹದಿನೈದು ದಿನದ ಹಿಂದ ನಾಕು ದೊಡ್ಡ ಫೈಲ್ ಅಳಿಸಿದ್ದೆ, ಆವಾಗ ಸರಿ ಆಗಿತ್ತು. ಈಗ ಮತ್ತ ತುಂಬೇತಿ."

"ಯಾವ ಫೋಲ್ಡರ್?"

"ಅಜ್ಜ ಅಂತ ಐತ್ರಿ."

ನಾನು ಕುರ್ಚಿಯಿಂದ ಎದ್ದುಬಿಟ್ಟೆ.

*

ನಾನು ಈ ಕಾಲೇಜಿಗೆ ಲ್ಯಾಬ್ ಇನ್‌ಸ್ಟ್ರಕ್ಟರ್ ಆಗಿ ಬಂದದ್ದು 2009ರಲ್ಲಿ. ಹಾಸನ ಜಿಲ್ಲೆಯ ಒಂದು ಇಂಜಿನಿಯರಿಂಗ್ ಕಾಲೇಜು, ಇಷ್ಟು ಹೇಳಿದರೆ ಸಾಕು. ಕೆಟ್ಟ ಮೌಸು ಬದಲಾಯಿಸುವುದರಿಂದ ಹಿಡಿದು ಪರೀಕ್ಷೆಯ ದಿನ ಜನರೇಟರಿಗೆ ಡೀಸೆಲ್ ಇದೆಯೇ ಎಂದು ನೋಡುವವರೆಗೆ ಎಲ್ಲವೂ ನನ್ನ ಕೆಲಸ. ಅದರಲ್ಲಿ ನನಗೆ ಇಷ್ಟವಾದ ಕೆಲಸವೊಂದಿದೆ: ಸರ್ವರಿನ ಬಳಕೆದಾರರ ಖಾತೆಗಳನ್ನು ನೋಡಿಕೊಳ್ಳುವುದು. ಹೊಸಬರಿಗೆ ಖಾತೆ ತೆರೆಯುವುದು, ಅವರನ್ನು ಸರಿಯಾದ ಗುಂಪಿಗೆ ಸೇರಿಸುವುದು, ಬಿಟ್ಟು ಹೋದವರ ಖಾತೆ ತೆಗೆಯುವುದು. ಇದನ್ನೆಲ್ಲ ನಾನು ಮಾಡುವುದು ಕಮಾಂಡ್ ಲೈನಿನಲ್ಲಿ. ಕಪ್ಪು ಕಿಟಕಿ, ಮಿನುಗುವ ಒಂದು ಗೆರೆ, ಅಷ್ಟೇ. ಹೊಸ ಖಾತೆಗೆ ಯೂಸರ್‌ಆಡ್, ಇರುವ ಖಾತೆ ಬದಲಾಯಿಸಲು ಯೂಸರ್‌ಮಾಡ್, ತೆಗೆಯಲು ಯೂಸರ್‌ಡೆಲ್. ಗುಂಪು ಮಾಡಲು ಗ್ರೂಪ್‌ಆಡ್. ಟೈಪ್ ಮಾಡಿ ಎಂಟರ್ ಒತ್ತಿದರೆ ಆಯಿತು. ತಪ್ಪಿಲ್ಲದಿದ್ದರೆ ಕಂಪ್ಯೂಟರು ಏನೂ ಹೇಳುವುದಿಲ್ಲ. ಮಾತಾಡದಿದ್ದರೆ ಕೆಲಸ ಆಯಿತು ಎಂದರ್ಥ.

ಇದನ್ನು ಕಲಿಸಿದವರು ನಮ್ಮ ಮೇಷ್ಟ್ರು. ಅವರು ಮೂಲತಃ ಗಣಿತದವರು. ಕಾಲೇಜಿಗೆ ಮೊದಲ ಕಂಪ್ಯೂಟರುಗಳು ಬಂದಾಗ, ಬೇರೆ ಯಾರೂ ಮುಟ್ಟಲು ಧೈರ್ಯ ಮಾಡದ್ದರಿಂದ ಕೀಲಿಕೈ ಅವರ ಜೇಬಿಗೆ ಬಂತಂತೆ. ನಾನು ಸೇರುವ ಹೊತ್ತಿಗೆ ಲ್ಯಾಬೆಂದರೆ ಮೇಷ್ಟ್ರು, ಮೇಷ್ಟ್ರೆಂದರೆ ಲ್ಯಾಬು ಎಂಬಂತಾಗಿತ್ತು.

ಸೇರಿದ ಮೂರನೇ ವಾರವೇ ಒಂದು ಎಡವಟ್ಟು ಮಾಡಿಕೊಂಡೆ. ಕೊನೆಯ ವರ್ಷದವರ ಪ್ರಾಜೆಕ್ಟ್ ಫೈಲುಗಳನ್ನು ನೋಡಬೇಕಾಗಿತ್ತು. ಅದಕ್ಕೆ ಪ್ರಾಜೆಕ್ಟ್ ಎಂಬ ಗುಂಪಿಗೆ ನನ್ನನ್ನೇ ಸೇರಿಸಿಕೊಳ್ಳಬೇಕು. ಯೂಸರ್‌ಮಾಡ್ ಎಂದು ಹೊಡೆದು, ಮೈನಸ್ ದೊಡ್ಡ ಜಿ ಹಾಕಿ, ಗುಂಪಿನ ಹೆಸರು ಬರೆದು ಎಂಟರ್ ಒತ್ತಿದೆ. ಕಂಪ್ಯೂಟರು ಸುಮ್ಮನಿತ್ತು. ಕಿಟಕಿ ಮುಚ್ಚಿ ಮನೆಗೆ ಹೋದೆ. ಮರುದಿನ ಭಾನುವಾರ. ಸೋಮವಾರದ ಲ್ಯಾಬ್ ಪರೀಕ್ಷೆಗೆ ತಯಾರಿ ಮಾಡೋಣವೆಂದು ಬಂದು ಕೂತರೆ, ಯಾವ ಕೆಲಸಕ್ಕೂ ನನಗೆ ಅಧಿಕಾರವಿಲ್ಲ ಎನ್ನುತ್ತಿದೆ. ಆಡಳಿತದ ಗುಂಪಿನಿಂದ ನನ್ನನ್ನು ನಾನೇ ಕಿತ್ತುಹಾಕಿಕೊಂಡಿದ್ದೆ.

ಅಳುಬುರುಕ ದನಿಯಲ್ಲಿ ಮೇಷ್ಟ್ರಿಗೆ ಫೋನು ಮಾಡಿದೆ. ಅವರು ಬಸ್ಸು ಹಿಡಿದು ಬಂದರು. ಬೀರುವಿನಿಂದ ಅಂಟಿಸಿದ ಲಕೋಟೆಯೊಂದನ್ನು ತೆಗೆದು, ರೂಟ್ ಪಾಸ್‌ವರ್ಡ್ ನೋಡಿ, ಎರಡು ಸಾಲು ಟೈಪ್ ಮಾಡಿ ಸರಿಮಾಡಿದರು.

"ರೂಟ್ ಆಗಿ ತೆಗೆದಿದ್ದ ಕಿಟಕಿ ಮುಚ್ಚಿಬಿಟ್ಟೆಯಾ?"

"ಮುಚ್ಚಿದೆ ಸಾರ್."

"ಮುಚ್ಚದೆ ಇದ್ದಿದ್ರೆ ಅಲ್ಲಿಂದಾನೇ ಸರಿಮಾಡಬಹುದಿತ್ತು. ಕೈ ಹಾಕಿದ ಮೇಲೆ, ಇನ್ನೊಂದು ಕಿಟಕಿ ತೆಗೆದು ಒಳಗೆ ಬರೋಕೆ ಆಗುತ್ತಾ ಅಂತ ನೋಡಿಕೊಂಡೇ ಮೊದಲನೇದು ಮುಚ್ಚಬೇಕು." ಆಮೇಲೆ ಕ್ಯಾಂಟೀನು ಮುಚ್ಚಿದ್ದರಿಂದ ರಸ್ತೆಯಾಚೆಯ ಗೂಡಂಗಡಿಯಲ್ಲಿ ಟೀ ಕುಡಿಸಿ ಹೇಳಿದರು: "ಗುಂಪಿಗೆ ಸೇರಿಸೋದು ಅನ್ನೋದಕ್ಕೆ ಎರಡು ಅರ್ಥ ಇದೆ ಕಣಯ್ಯ. ಇರೋದರ ಜೊತೆಗೆ ಇನ್ನೊಂದಕ್ಕೆ ಸೇರಿಸೋದು ಒಂದು. ಇರೋದನ್ನೆಲ್ಲ ಬಿಡಿಸಿ ಇದೊಂದಕ್ಕೇ ಸೇರಿಸೋದು ಇನ್ನೊಂದು. ದೊಡ್ಡ ಜಿ ಪಕ್ಕ ಚಿಕ್ಕ ಎ ಹಾಕಿದ್ರೆ ಮೊದಲನೇದು. ಮರೆತ್ರೆ ಎರಡನೇದು."

*

ಮೇಷ್ಟ್ರು ವರ್ಷವರ್ಷವೂ ಹೊಸ ಬ್ಯಾಚಿಗೆ ಮೊದಲು ತೋರಿಸುತ್ತಿದ್ದದ್ದು ಪಾಸ್‌ವರ್ಡ್ ಫೈಲನ್ನು. ಹೆಸರು ಹಾಗಿದ್ದರೂ ಅದರಲ್ಲೀಗ ಪಾಸ್‌ವರ್ಡ್ ಇರುವುದಿಲ್ಲ. ಒಬ್ಬೊಬ್ಬ ಬಳಕೆದಾರನಿಗೆ ಒಂದೊಂದು ಸಾಲು. ಒಂದೊಂದು ಸಾಲಿನಲ್ಲಿ ಏಳು ಮನೆ, ಮನೆಮನೆಗೂ ನಡುವೆ ಕೋಲನ್. ಮೊದಲನೆಯದು ಖಾತೆಯ ಹೆಸರು. ಎರಡನೆಯದರಲ್ಲಿ ಬರೀ ಒಂದು ಎಕ್ಸ್. ಮೂರನೆಯದು ಬಳಕೆದಾರನ ನಂಬರು, ನಾಲ್ಕನೆಯದು ಅವನ ಮುಖ್ಯ ಗುಂಪಿನ ನಂಬರು. ಐದರಲ್ಲಿ ಪೂರ್ತಿ ಹೆಸರು, ಆರರಲ್ಲಿ ಅವನ ಮನೆ, ಅಂದರೆ ಹೋಮ್ ಡೈರೆಕ್ಟರಿ. ಏಳರಲ್ಲಿ, ಅವನು ಒಳಗೆ ಬಂದ ಕೂಡಲೇ ಶುರುವಾಗಬೇಕಾದ ಪ್ರೋಗ್ರಾಮು.

ಎರಡನೇ ಮನೆಗೊಂದು ಕಥೆಯಿದೆ. ಯುನಿಕ್ಸಿನ ಮೊದಲ ಕಾಲದಲ್ಲಿ ಗುಟ್ಟಿನ ಲಿಪಿಗೆ ತಿರುಗಿಸಿದ ಪಾಸ್‌ವರ್ಡು ಅಲ್ಲೇ ಇರುತ್ತಿತ್ತು, ಯಾರು ಬೇಕಾದರೂ ಆ ಫೈಲನ್ನು ಓದಬಹುದಿತ್ತು. ಕಂಪ್ಯೂಟರುಗಳು ವೇಗವಾದಂತೆ ಊಹಿಸಿ ಊಹಿಸಿ ಅದನ್ನು ಒಡೆಯುವುದು ಸುಲಭವಾಯಿತು. ಆಗ ಪಾಸ್‌ವರ್ಡನ್ನು ಶ್ಯಾಡೋ ಎಂಬ ಇನ್ನೊಂದು ಫೈಲಿಗೆ ಸಾಗಿಸಿ ಬಾಗಿಲು ಹಾಕಿದರು. ಹಳೇ ಜಾಗದಲ್ಲಿ ಎಕ್ಸ್ ಉಳಿಯಿತು. ಐದನೇ ಮನೆಯ ಕಥೆ ಇನ್ನೂ ಹಳೆಯದು. ಅದನ್ನು ಇವತ್ತಿಗೂ ಜೀಕಾಸ್ ಎನ್ನುತ್ತಾರೆ. ಬೆಲ್ ಲ್ಯಾಬ್ಸಿನವರು ತಮ್ಮ ಯುನಿಕ್ಸ್ ಯಂತ್ರದಿಂದ ಪ್ರಿಂಟಿಗೆ ಕಳಿಸುತ್ತಿದ್ದದ್ದು ಜನರಲ್ ಎಲೆಕ್ಟ್ರಿಕ್ ಕಂಪನಿಯ ಜೀಕಾಸ್ ಎಂಬ ವ್ಯವಸ್ಥೆ ಇದ್ದ ಇನ್ನೊಂದು ಯಂತ್ರಕ್ಕೆ. ಅಲ್ಲಿನ ಗುರುತಿನ ನಂಬರು ಬರೆದಿಡಲು ಈ ಮನೆ ಬೇಕಾಗಿತ್ತು. ಆ ಯಂತ್ರ ಹೋಗಿ ದಶಕಗಳಾದವು. ಮನೆಯ ಹೆಸರು ಮಾತ್ರ ಹಾಗೇ ಇದೆ.

2019ರಲ್ಲಿ ಒಂದು ಸುದ್ದಿ ಬಂತು. ಯುನಿಕ್ಸನ್ನು ರೂಪಿಸಿದವರಲ್ಲಿ ಒಬ್ಬರಾದ ಕೆನ್ ಥಾಂಪ್ಸನ್ ಹಿಂದೆಂದೋ ಬಳಸುತ್ತಿದ್ದ ಪಾಸ್‌ವರ್ಡನ್ನು ಒಂದು ಹಳೇ ಫೈಲಿನಿಂದ ಒಡೆದಿದ್ದರು. ಅದೊಂದು ಚದುರಂಗದ ನಡೆ: ರಾಣಿಯ ಮುಂದಿನ ಕಾಲಾಳನ್ನು ಎರಡು ಮನೆ ಮುಂದಿಡುವುದು. ಅಷ್ಟರಲ್ಲಿ ಮೇಷ್ಟ್ರಿಗೆ ನಿವೃತ್ತಿಯಾಗಿ ಎರಡು ವರ್ಷವಾಗಿತ್ತು. ಚದುರಂಗದ ಹುಚ್ಚಿನ ಮನುಷ್ಯ ಎಂದು ಫೋನು ಮಾಡಿ ಹೇಳಿದೆ. ತುಂಬ ಹೊತ್ತು ನಕ್ಕರು. "ನೋಡಯ್ಯ, ನಲವತ್ತು ವರ್ಷದ ಫೈಲು. ಒಂದು ಸಾಲು. ಅದರಲ್ಲೇ ಆ ಮನುಷ್ಯ ಸಂಜೆ ಹೊತ್ತು ಏನು ಮಾಡ್ತಿದ್ದ ಅಂತ ಗೊತ್ತಾಗತ್ತೆ" ಎಂದರು.

*

ಮೇಷ್ಟ್ರ ಊರು ಈಗ ನೀರಿನ ಕೆಳಗಿದೆ. ಗೊರೂರಿನ ಬಳಿ ಹೇಮಾವತಿಗೆ ಕಟ್ಟಿದ ಅಣೆಕಟ್ಟು ಮುಗಿದದ್ದು 1979ರಲ್ಲಿ. ಹಿನ್ನೀರಿನಲ್ಲಿ ಅರ್ಧ ಮುಳುಗಿ ನಿಲ್ಲುವ ಶೆಟ್ಟಿಹಳ್ಳಿಯ ಇಗರ್ಜಿಯನ್ನು ನೋಡಲು ಈಗ ದೂರದೂರದಿಂದ ಜನ ಬರುತ್ತಾರೆ, ಮದುವೆಗೆ ಮುಂಚಿನ ಫೋಟೊ ತೆಗೆಸಿಕೊಳ್ಳುತ್ತಾರೆ. ಮೇಷ್ಟ್ರ ಊರಿನಲ್ಲಿ ಹಾಗೆ ನೀರ ಮೇಲೆ ತಲೆಯೆತ್ತಿ ನಿಲ್ಲುವಂಥದ್ದು ಏನೂ ಇರಲಿಲ್ಲ. ಒಂದು ಬೇಸಿಗೆ ನನ್ನನ್ನು ಕರೆದುಕೊಂಡು ಹೋಗಿದ್ದರು. ನೀರು ಇಳಿದು ಕೆಸರು ಬಿರುಕು ಬಿಟ್ಟಿತ್ತು. ಒಂದಷ್ಟು ತಳಪಾಯದ ಕಲ್ಲು, ಒಂದು ಒರಳುಕಲ್ಲು. "ಇದು ಹುಣಸೆಮರದ ಮನೆ, ಅದು ಬಾವಿಮನೆ" ಎಂದು ತೋರಿಸುತ್ತ ನಡೆದರು. ಹುಣಸೆಮರವೂ ಇರಲಿಲ್ಲ, ಬಾವಿಯೂ ಇರಲಿಲ್ಲ.

ಆ ಊರಿನ ಮನೆಗಳನ್ನು ಅವರು ಒಂದು ಫೈಲಿನಲ್ಲಿ ಬರೆದಿಡುತ್ತಿದ್ದರು. ಮನೆಗೊಂದು ಸಾಲು, ಸಾಲಿಗೆ ಏಳು ಮನೆ, ನಡುವೆ ಕೋಲನ್. ಪಾಸ್‌ವರ್ಡ್ ಫೈಲಿನದೇ ಅಚ್ಚು. ಅದೇ ಅಭ್ಯಾಸವಾಗಿ ಹೋಗಿತ್ತು ಅವರಿಗೆ. ಮನೆಯ ಹೆಸರು, ಕೇರಿ, ನಂಬರು, ಎಷ್ಟು ಜನ, ಯಜಮಾನನ ಪೂರ್ತಿ ಹೆಸರು. ಆರನೆಯದರಲ್ಲಿ, ಮುಳುಗಿದ ಮೇಲೆ ಎಲ್ಲಿಗೆ ಹೋದರು. ಏಳನೆಯದರಲ್ಲಿ, ಇದನ್ನು ಹೇಳಿದವರು ಯಾರು. ಒಟ್ಟು 86 ಸಾಲು. ಆರನೇ ಮನೆ ಖಾಲಿ ಇರುವ ಸಾಲುಗಳೇ ಬಹಳ. ಏಳನೇ ಮನೆಯಲ್ಲಿ ಮತ್ತೆಮತ್ತೆ ಬರುವುದು ಒಂದೇ ಪದ: ಅವ್ವ.

2023ರ ಜನವರಿಯಲ್ಲಿ ಮೇಷ್ಟ್ರು ಅತಿಥಿ ಉಪನ್ಯಾಸಕರಾಗಿ ವಾರಕ್ಕೆರಡು ದಿನ ಬರತೊಡಗಿದರು. ಹಳೇ ಸರ್ವರು ಹೋಗಿ ಹೊಸದು ಬಂದಿತ್ತು. ಅದರಲ್ಲಿ ಅವರ ಖಾತೆ ಇರಲಿಲ್ಲ. "ಖಾತೆಗೆ ಏನು ಹೆಸರಿಡಲಿ ಸಾರ್?" ಎಂದೆ. "ಅಜ್ಜ ಅಂತ ಇಡು. ಮೊಮ್ಮಕ್ಕಳು ಕರೆಯೋದೇ ಅದು" ಎಂದರು. ಖಾತೆಯ ಹೆಸರಿನ ಜಾಗದಲ್ಲಿ ಕನ್ನಡ ನಡೆಯುವುದಿಲ್ಲ, ಇಂಗ್ಲಿಷಿನ ಚಿಕ್ಕ ಅಕ್ಷರಗಳೇ ಆಗಬೇಕು. ಐದನೇ ಮನೆಗೆ ಆ ಮಡಿಯಿಲ್ಲ. ಅಲ್ಲಿ ಅವರ ಪೂರ್ತಿ ಹೆಸರನ್ನು ಊರಿನ ಹೆಸರಿನ ಸಮೇತ ಕನ್ನಡದಲ್ಲೇ ಬರೆದೆ. ಕಂಪ್ಯೂಟರು ಕೊಟ್ಟ ನಂಬರು 1211. ಅವತ್ತಿನ ಮಟ್ಟಿಗೆ ಅದೇ ಕೊನೆಯ ನಂಬರು.

ಜೂನಿನ ಕೊನೆಯಲ್ಲಿ ಮೇಷ್ಟ್ರು ತೀರಿಕೊಂಡರು. ರಾತ್ರಿ ಊಟ ಮಾಡಿ ಮಲಗಿದವರು ಬೆಳಿಗ್ಗೆ ಏಳಲಿಲ್ಲ.

*

ಜುಲೈನಲ್ಲಿ ಕಚೇರಿಯಿಂದ ಪತ್ರ ಬಂತು: ಸೇವೆಯಲ್ಲಿ ಇಲ್ಲದವರ ಖಾತೆಗಳನ್ನು ತೆಗೆಯತಕ್ಕದ್ದು. 14 ಹೆಸರಿನ ಪಟ್ಟಿ. ಹದಿಮೂರು ಖಾತೆಗಳನ್ನು ಮೈನಸ್ ಆರ್ ಸೇರಿಸಿ ತೆಗೆದೆ. ಹಾಗೆ ಮಾಡಿದರೆ ಹೆಸರಿನ ಜೊತೆ ಮನೆಯೂ, ಅಂದರೆ ಹೋಮ್ ಡೈರೆಕ್ಟರಿಯೂ ಹೋಗುತ್ತದೆ. ಅವರೆಲ್ಲ ತಮ್ಮ ತಮ್ಮ ಫೈಲುಗಳನ್ನು ಮೊದಲೇ ಒಯ್ದಿದ್ದರು. ಹದಿನಾಲ್ಕನೆಯದು ಅಜ್ಜ. ಮೈನಸ್ ಆರ್ ಹಾಕಲು ಕೈ ಬರಲಿಲ್ಲ. ಬರೀ ಯೂಸರ್‌ಡೆಲ್ ಎಂದು ಬರೆದು ಎಂಟರ್ ಒತ್ತಿದೆ. ಹೆಸರು ಹೋಯಿತು, ಮನೆ ಉಳಿಯಿತು. ಒಳ್ಳೆಯ ಕೆಲಸ ಮಾಡಿದೆ ಎಂದುಕೊಂಡು ವರದಿ ಕಳಿಸಿದೆ.

ತಪ್ಪು ಆಗಿದ್ದೇ ಅಲ್ಲಿ. ಫೈಲಿನ ಮೇಲೆ ಬರೆದಿರುವುದು ಮಾಲೀಕನ ಹೆಸರಲ್ಲ, ಅವನ ನಂಬರು. ನಾವು ಪಟ್ಟಿ ಕೇಳಿದಾಗಲೆಲ್ಲ ಕಂಪ್ಯೂಟರು ಆ ನಂಬರನ್ನು ಪಾಸ್‌ವರ್ಡ್ ಫೈಲಿನಲ್ಲಿ ಹುಡುಕಿ, ಅಲ್ಲಿ ಸಿಕ್ಕ ಹೆಸರನ್ನು ತೋರಿಸುತ್ತದೆ. ಸಾಲನ್ನೇ ಅಳಿಸಿದರೆ ಫೈಲಿನ ಪಕ್ಕ 1211 ಎಂಬ ಬೋಳು ನಂಬರು ಉಳಿಯುತ್ತದೆ. ಅಷ್ಟಕ್ಕೇ ನಿಂತಿದ್ದರೆ ಚಿಂತೆಯಿರಲಿಲ್ಲ. ಆದರೆ ನಾವು ಬೇರೆ ನಂಬರು ಹೇಳದಿದ್ದರೆ, ಹೊಸ ಖಾತೆಗೆ ಯೂಸರ್‌ಆಡ್ ಆಗ ಇರುವ ನಂಬರುಗಳಲ್ಲಿ ದೊಡ್ಡದರ ಮುಂದಿನದನ್ನು ಕೊಡುತ್ತದೆ. 1211 ಹೋದ ಮೇಲೆ ದೊಡ್ಡದು 1210. ಸೆಪ್ಟೆಂಬರಿನಲ್ಲಿ ಹೊಸ ಬ್ಯಾಚಿನ 63 ಹೆಸರುಗಳ ಪಟ್ಟಿ ಬಂತು. ಮೊದಲ ಹೆಸರು ಈ ಹುಡುಗಿಯದು. ಅವಳಿಗೆ 1211 ಸಿಕ್ಕಿತು. ಅದರ ಜೊತೆಗೆ ಮೇಷ್ಟ್ರ ಮನೆಯೂ, ಅದರೊಳಗಿನ ಒಂದೊಂದು ಫೈಲೂ, ಅಳಿಸುವ ಹಕ್ಕೂ ಸಿಕ್ಕಿತು. ಜಾಗದ ಲೆಕ್ಕವೂ ನಂಬರಿನ ಮೇಲೇ ನಡೆಯುವುದರಿಂದ, ಮೇಷ್ಟ್ರು ಇಟ್ಟಿದ್ದದ್ದೆಲ್ಲ ಅವಳ 1 ಜಿಬಿಯಲ್ಲಿ ಸೇರಿಹೋಗಿತ್ತು.

ಅವಳದೇನು ತಪ್ಪು? ತನ್ನ ಹೆಸರಿನಲ್ಲಿರುವ ಫೈಲುಗಳನ್ನೆಲ್ಲ ತೋರಿಸು ಎಂದು ಕೇಳಿದ್ದಳು. ಕಂಪ್ಯೂಟರು ತೋರಿಸಿತ್ತು. ಕ್ಲಾಸಿನಲ್ಲಿ ನಾನು ಕಲಿಸಿದ್ದನ್ನೇ ಅವಳು ಸರಿಯಾಗಿ ಮಾಡಿದ್ದಳು.

"ಯಾವ ನಾಕು ಫೈಲಮ್ಮ?" ಎಂದೆ.

"ಅವ್ವ ಒಂದು, ಅವ್ವ ಎರಡು, ಹಂಗ ನಾಕರ ತನಕ ಇದ್ವುರಿ. ನಾ ಏನೋ ಸಿನಿಮಾ ಹಾಡು ಇರಬೇಕು ಅಂದ್ಕೊಂಡೆ."

ಬ್ಯಾಕಪ್ ಹುಡುಕಿದೆ. ನಮ್ಮದು ಪ್ರತಿ ಶನಿವಾರ ರಾತ್ರಿ ಕನ್ನಡಿಯ ಹಾಗೆ ನಕಲಾಗುವ ಬ್ಯಾಕಪ್. ಇಲ್ಲಿ ಇರುವುದು ಅಲ್ಲಿರಬೇಕು, ಇಲ್ಲಿ ಇಲ್ಲದ್ದು ಅಲ್ಲಿರಬಾರದು. ಎರಡು ಶನಿವಾರ ಕಳೆದಿತ್ತು. ಬೀರುವಿನಲ್ಲಿದ್ದ ಹಳೇ ಸರ್ವರಿನ ಡಿಸ್ಕನ್ನು ತಂದು ಜೋಡಿಸಿದೆ. ಅದರಲ್ಲಿ ಮೇಷ್ಟ್ರು ನಿವೃತ್ತರಾಗುವ ತನಕದ್ದು ಮಾತ್ರ ಇತ್ತು. ತಾಯಿಯ ದನಿ ಹಿಡಿದಿಟ್ಟದ್ದು ಆಮೇಲೆ, 2018ರಲ್ಲಿ. ಮರುವರ್ಷ ಆ ತಾಯಿ ಹೋದರು.

ಹುಡುಗಿ ಇಷ್ಟೂ ಹೊತ್ತು ಪಕ್ಕದಲ್ಲೇ ನಿಂತಿದ್ದಳು. ವಿಷಯ ಏನೆಂದು ಹೇಳಿದೆ. ಹೇಳಬಾರದಿತ್ತೇನೋ. ಅವಳ ಕಣ್ಣು ತುಂಬಿತು. "ನಂಗ ಗೊತ್ತಿರಲಿಲ್ರಿ ಸರ. ನನ್ನ ಹೆಸರ ಇತ್ತಲ್ರಿ" ಎಂದಳು. "ನಿನ್ನ ತಪ್ಪಲ್ಲಮ್ಮ, ನಂದು" ಎಂದೆ. ಆ ಮಾತಿನಿಂದ ಇಬ್ಬರಿಗೂ ಸಮಾಧಾನವಾಗಲಿಲ್ಲ.

*

ಮೈಸೂರಿನಲ್ಲಿರುವ ಮೇಷ್ಟ್ರ ಮಗಳಿಗೆ ಫೋನು ಮಾಡಲು ನನಗೆ ಮೂರು ದಿನ ಹಿಡಿಯಿತು. ನಡೆದದ್ದನ್ನು ಬಚ್ಚಿಡದೆ ಹೇಳಿದೆ. ಅಪ್ಪನ ಹಳೇ ಫೋನಿನಲ್ಲಿ ಇದ್ದೀತೇ ಎಂದು ಕೇಳಿದೆ. ಅದನ್ನು ಕೊಟ್ಟು ಹೊಸದು ತೆಗೆದುಕೊಂಡಿದ್ದರಂತೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ.

"ಅಜ್ಜಿ ದನಿ ನನಗೆ ನೆನಪಿದೆ. ನನ್ನ ಮಕ್ಕಳಿಗೆ ಇರಲ್ಲ ಅಷ್ಟೆ" ಎಂದರು. ನಾನು ಏನೂ ಹೇಳಲಿಲ್ಲ. ಅವರೇ ಮುಂದುವರಿಸಿದರು: "ಅಪ್ಪ ಅದನ್ನ ಕೇಳಿಕೊಂಡು ನೋಟ್‌ಬುಕ್ಕಿನಲ್ಲಿ ಬರೀತಿದ್ರು. ಪೂರ್ತಿ ಬರೆದಿದಾರೋ ಇಲ್ವೋ ಗೊತ್ತಿಲ್ಲ. ಕಳಿಸಿಕೊಡ್ತೀನಿ. ಇಲ್ಲಿ ಅದನ್ನ ಓದೋರು ಯಾರಿದಾರೆ?"

ಅವತ್ತು ಸಂಜೆ ಲ್ಯಾಬಿನಲ್ಲಿ ಒಬ್ಬನೇ ಕೂತು ಅಜ್ಜನ ಖಾತೆಯನ್ನು ಮತ್ತೆ ತೆರೆದೆ. 1211 ಈಗ ಹುಡುಗಿಯದು, ಅದನ್ನು ಕಿತ್ತುಕೊಳ್ಳುವಂತಿಲ್ಲ. ಮೇಷ್ಟ್ರಿಗೆ 1274 ಬಂತು. ಐದನೇ ಮನೆಯಲ್ಲಿ ಅದೇ ಹೆಸರು, ಅದೇ ಊರು, ಕನ್ನಡದಲ್ಲೇ. ಏಳನೇ ಮನೆಯಲ್ಲಿ, ಬಂದವರನ್ನು ಬಾಗಿಲಿಂದಲೇ ವಾಪಸು ಕಳಿಸುವ ನೋಲಾಗಿನ್ ಎಂಬ ಪ್ರೋಗ್ರಾಮು. ಪಾಸ್‌ವರ್ಡ್ ಕೊಡಲಿಲ್ಲ. ಕೊಡದಿದ್ದರೆ ಶ್ಯಾಡೋ ಫೈಲಿನ ಆ ಜಾಗದಲ್ಲಿ ಒಂದು ಆಶ್ಚರ್ಯಚಿಹ್ನೆ ಕೂರುತ್ತದೆ, ಏನು ಟೈಪ್ ಮಾಡಿದರೂ ಅದಕ್ಕೆ ಹೊಂದುವುದಿಲ್ಲ. ಆಮೇಲೆ ಆ ಮನೆಯನ್ನೂ ಅದರೊಳಗಿನದೆಲ್ಲವನ್ನೂ ಅವರ ಹೊಸ ನಂಬರಿಗೆ ಬರೆದೆ. ಪಟ್ಟಿ ತೆಗೆದು ನೋಡಿದರೆ ಸಾಲುಸಾಲಿಗೂ ಅಜ್ಜ, ಅಜ್ಜ ಎಂದು ಬಂತು.

ಜುಲೈನಲ್ಲೇ ಮಾಡಬೇಕಾಗಿದ್ದದ್ದು ಇಂಥದ್ದೇ. ಯೂಸರ್‌ಮಾಡ್‌ಗೆ ದೊಡ್ಡ ಎಲ್ ಸೇರಿಸಿದರೆ ಖಾತೆಗೆ ಬೀಗ ಬೀಳುತ್ತದೆ. ಕೀ ಫೈಲಿಟ್ಟುಕೊಂಡು ಪಾಸ್‌ವರ್ಡ್ ಇಲ್ಲದೆ ಬರುವವರಿಗೂ ದಾರಿ ಮುಚ್ಚಲು ಖಾತೆಯ ಅವಧಿ ಮುಗಿದಿದೆ ಎಂದು ಬರೆಯಬೇಕು. ಯಾರೂ ಒಳಗೆ ಬರಲಾರರು, ಆದರೆ ಹೆಸರು ಹೆಸರಾಗಿಯೇ ಇರುತ್ತದೆ, ನಂಬರು ಇನ್ನೊಬ್ಬರಿಗೆ ಹೋಗುವುದಿಲ್ಲ. ಕಚೇರಿಗೆ ಬೇಕಾಗಿದ್ದದ್ದೂ ಯಾರೂ ಒಳಗೆ ಬರಬಾರದೆಂಬುದೇ. ಹೆಸರು ತೆಗೆದು ಮನೆ ಉಳಿಸಿದ್ದನ್ನೇ ನಾನು ದೊಡ್ಡದು ಎಂದುಕೊಂಡಿದ್ದೆ. ಯಾರ ಮನೆ ಎಂದು ಹೇಳುವ ಸಾಲು ಇಲ್ಲದಿದ್ದರೆ, ಮನೆ ಮುಂದೆ ಬಂದವರ ಪಾಲು.

ನವೆಂಬರಿನಲ್ಲಿ ಮೂರು ನೋಟ್‌ಬುಕ್ಕುಗಳು ಬಂದವು. ಎರಡು ರೆಕಾರ್ಡಿಂಗುಗಳನ್ನು ಮೇಷ್ಟ್ರು ಪೂರ್ತಿ ಬರೆದಿದ್ದರು. ಮೂರನೆಯದು ಅರ್ಧಕ್ಕೆ ನಿಂತಿತ್ತು. ನಾಲ್ಕನೆಯದರ ಒಂದು ಮಾತೂ ಇರಲಿಲ್ಲ. ಅದರಲ್ಲಿ ಏನಿತ್ತೋ ಇನ್ನು ಯಾರಿಗೂ ತಿಳಿಯುವಂತಿಲ್ಲ.

ಒಂದು ದಿನ ಹುಡುಗಿ ನನ್ನ ಮೇಜಿನ ಮೇಲಿದ್ದ ನೋಟ್‌ಬುಕ್ಕು ತಿರುವಿ ನೋಡುತ್ತ, "ನಮ್ಮ ಹಳೇ ಬಾಗಲಕೋಟಿನೂ ಹಿಂಗ ರೀ ಸರ. ಆಲಮಟ್ಟಿ ನೀರಿಗೆ ಅರ್ಧ ಹೋತು. ನಮ್ಮ ಮನಿ ಇದ್ದ ಓಣಿನ ಈಗಿಲ್ಲ. ನಾ ಹುಟ್ಟಿದ್ದು ನವನಗರದಾಗ" ಎಂದಳು. ಸ್ವಲ್ಪ ಹೊತ್ತು ಬಿಟ್ಟು, "ಇದನ್ನ ನಾ ಟೈಪ್ ಮಾಡ್ಲೇನ್ರಿ?" ಎಂದು ಕೇಳಿದಳು.

ಗ್ರೂಪ್‌ಆಡ್ ಹೊಡೆದು ಊರು ಎಂಬ ಗುಂಪು ಮಾಡಿದೆ. ಮೇಷ್ಟ್ರ ಆ ಫೋಲ್ಡರನ್ನು ಗುಂಪಿಗೆ ಕೊಟ್ಟು, ಗುಂಪಿನವರು ಅಲ್ಲಿ ಬರೆಯಬಹುದು ಎಂದು ಅನುಮತಿ ಹಾಕಿದೆ. ಮಾಲೀಕರು ಅಜ್ಜನೇ. ಹೊಸ ಡಿಸ್ಕಿಗೆ ದಿನಾಂಕ ಹಾಕಿ ಇನ್ನೊಂದು ಪ್ರತಿ ತೆಗೆದಿಟ್ಟೆ. ಅದು ಕನ್ನಡಿಯಲ್ಲ, ಒಮ್ಮೆ ಬರೆದದ್ದು ಅಳಿಯದೆ ಉಳಿಯುವಂಥದ್ದು.

ಕೊನೆಗೆ ಅವಳನ್ನು ಗುಂಪಿಗೆ ಸೇರಿಸಬೇಕಿತ್ತು. ಅವಳು ಆಗಲೇ ಮೊದಲ ವರ್ಷದವರ ಗುಂಪಿನಲ್ಲಿದ್ದಳು, ಲ್ಯಾಬಿನ ಗುಂಪಿನಲ್ಲಿದ್ದಳು. ಯೂಸರ್‌ಮಾಡ್ ಎಂದು ಬರೆದು, ದೊಡ್ಡ ಜಿ ಪಕ್ಕದಲ್ಲಿ ಚಿಕ್ಕ ಎ ಇದೆಯೇ ಎಂದು ಎರಡು ಸಲ ನೋಡಿ, ಎಂಟರ್ ಒತ್ತಿದೆ. ಕಂಪ್ಯೂಟರು ಏನೂ ಹೇಳಲಿಲ್ಲ. ನಾನು ರೂಟ್ ಕಿಟಕಿಯನ್ನು ಹಾಗೇ ತೆರೆದಿಟ್ಟು, "ನೀನೊಂದ್ಸಲ ಲಾಗಿನ್ ಆಗಿ ನೋಡಮ್ಮ" ಎಂದೆ.